ರಿವ್ಯೂ ಹೆಚ್ಚಿಸಿಕೊಡ್ತೀವಿ ಅಂತ ಅಂಗಡಿಗೆ ಬರುವವರ ಕೈಗೆ ನಿಮ್ಮ ಫೋನ್ ಕೊಡಬೇಡಿ

ಪ್ಲಂಬರ್, ಎಲೆಕ್ಟ್ರಿಷಿಯನ್, ಏಸಿ ರಿಪೇರಿಯವರು, ಕಾರ್ಪೆಂಟರ್, ಪೇಂಟಿಂಗ್ ಕಂಟ್ರಾಕ್ಟರ್, ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಇವರು ನಿಮ್ಮ ಅಂಗಡಿಗೂ ಬರುತ್ತಾರೆ. ಈಗಾಗಲೇ ಫೋನ್ ಬಂದಿದ್ದರೂ ಆಶ್ಚರ್ಯ ಇಲ್ಲ. ದುಡ್ಡು ಹೋದದ್ದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವ ವಿಷಯ ಒಂದಿದೆ. ವರ್ಷಗಟ್ಟಲೆ ಕೆಲಸ ಮಾಡಿ ಸಂಪಾದಿಸಿದ ನಿಜವಾದ ರಿವ್ಯೂಗಳು ಇವತ್ತು ಯಾರ ಕಣ್ಣಿಗೂ ಕಾಣುತ್ತಿಲ್ಲ. ನನ್ನ ಅಂಗಡಿಯ ಗೂಗಲ್ ಪೇಜ್ ನನ್ನ ಕೈಯಲ್ಲೇ ಇಲ್ಲ.

ನಾನು ಮೈಸೂರಿನಲ್ಲಿ ಪ್ಲಂಬಿಂಗ್ ಮತ್ತು ಸೋಲಾರ್ ವಾಟರ್ ಹೀಟರ್ ಸರ್ವಿಸ್ ಮಾಡುತ್ತೇನೆ. ಕುವೆಂಪುನಗರ, ಸರಸ್ವತಿಪುರಂ, ಬೋಗಾದಿ ಕಡೆ ಹಳೆ ಗಿರಾಕಿಗಳು ತುಂಬಾ ಜನ ಇದ್ದಾರೆ. ಮೊದಲೆಲ್ಲ ಒಂದು ಮನೆಯ ಕೆಲಸ ನೋಡಿ ಪಕ್ಕದ ಮನೆಯವರು ಕರೆಯುತ್ತಿದ್ದರು. ಈಗ ಬಾಡಿಗೆಗೆ ಬಂದವರಿಗೆ ಪಕ್ಕದ ಮನೆಯವರ ಪರಿಚಯವೇ ಇರುವುದಿಲ್ಲ. ಸಂಪಿನ ಮೋಟಾರ್ ಕೈಕೊಟ್ಟರೆ ಫೋನ್ ತೆಗೆದು 'ಪ್ಲಂಬರ್ ನಿಯರ್ ಮಿ' ಅಂತ ಹುಡುಕುತ್ತಾರೆ. ಎಷ್ಟು ಸ್ಟಾರ್ ಇದೆ, ಎಷ್ಟು ಜನ ಬರೆದಿದ್ದಾರೆ ನೋಡುತ್ತಾರೆ. ಮೇಲಿರುವ ಎರಡು ಮೂರು ನಂಬರಿಗೆ ಫೋನ್ ಮಾಡುತ್ತಾರೆ. ಕೆಳಗಿರುವವನು ಎಷ್ಟು ಒಳ್ಳೆ ಕೆಲಸಗಾರ ಆಗಿದ್ದರೂ ಅವನಿಗೆ ಫೋನ್ ಬರಲ್ಲ.

ನನಗೆ ಅರವತ್ತು ಚಿಲ್ಲರೆ ರಿವ್ಯೂ ಇದ್ದವು. ಒಂದೊಂದೂ ನಾನು ಹೋಗಿ ಕೆಲಸ ಮಾಡಿಕೊಟ್ಟ ಮನೆಯವರು ಬರೆದದ್ದು. ಹೊರದೇಶದಲ್ಲಿರುವ ಒಬ್ಬರು ಬರೆದಿದ್ದರು: 'ಅಮ್ಮ ಒಬ್ಬರೇ ಇದ್ದರು. ರಾತ್ರಿ ಬಂದು ಮೋಟಾರ್ ಸರಿ ಮಾಡಿ, ಏರ್ ಲಾಕ್ ಆದರೆ ಏನು ಮಾಡಬೇಕು ಅಂತ ಅಮ್ಮನಿಗೆ ಹೇಳಿಕೊಟ್ಟು ಹೋದರು.' ಈ ನಾಲ್ಕು ಸಾಲು ನೋಡಿಯೇ ನನಗೆ ಎಷ್ಟೋ ಮನೆಗಳಿಂದ ಫೋನ್ ಬಂದಿದೆ. ವಯಸ್ಸಾದವರು ಮಾತ್ರ ಇರುವ ಮನೆಯವರು ಅದನ್ನೇ ಹೇಳಿ ಕರೆಯುತ್ತಿದ್ದರು. ಅದು ಈಗ ಕಾಣುತ್ತಿಲ್ಲ.

ನಮ್ಮ ಕಷ್ಟ ನಿಮಗೆ ಗೊತ್ತೇ ಇದೆ. ಕೆಲಸ ಮುಗಿಸಿ, 'ಸರ್, ಒಂದು ರಿವ್ಯೂ ಹಾಕಿ' ಅಂದರೆ, 'ಖಂಡಿತ ಹಾಕ್ತೀನಿ' ಅನ್ನುತ್ತಾರೆ. ಬಾಗಿಲು ಹಾಕಿದ ಮೇಲೆ ಮರೆತುಹೋಗುತ್ತದೆ. ಅವರ ತಪ್ಪೂ ಅಲ್ಲ. ನಲ್ಲಿಯಲ್ಲಿ ನೀರು ಬಂದ ಮೇಲೆ ಪ್ಲಂಬರ್ ಯಾರಿಗೆ ನೆನಪಿರುತ್ತಾನೆ? ಆದರೆ ಕೆಲಸ ಕೆಟ್ಟರೆ ಮಾತ್ರ ಅವತ್ತು ರಾತ್ರಿಯೇ ಒಂದು ಸ್ಟಾರ್ ಬೀಳುತ್ತದೆ. ಈ ಕಷ್ಟ ಇವರಿಗೆ ಚೆನ್ನಾಗಿ ಗೊತ್ತು. ಇದನ್ನೇ ಹಿಡಿದುಕೊಂಡು ಬರುತ್ತಾರೆ.

ಫೋನ್ ಮಾಡಿದ ಹೆಣ್ಣುಮಗಳು ಚೆನ್ನಾಗಿ ಕನ್ನಡ ಮಾತಾಡಿದಳು. 'ಸರ್, ನಾವು ಗೂಗಲ್ ಕಡೆಯಿಂದ. ನಿಮ್ಮ ಪ್ರೊಫೈಲ್ ತುಂಬಾ ಚೆನ್ನಾಗಿದೆ. ಆದ್ರೆ ರಿವ್ಯೂ ಕಮ್ಮಿ ಇರೋದ್ರಿಂದ ಕೆಳಗೆ ಹೋಗ್ತಾ ಇದೆ' ಅಂದಳು. ನಾನು ನೇರವಾಗಿ ಕೇಳಿದೆ, 'ಸುಳ್ಳು ರಿವ್ಯೂ ಹಾಕ್ತೀರಾ? ಅದು ನನಗೆ ಬೇಡ.' ಅದಕ್ಕೆ ಅವಳು, 'ಇಲ್ಲ ಸರ್, ಫೇಕ್ ಏನೂ ಇಲ್ಲ. ನಿಮ್ಮ ಹಳೆ ಕಸ್ಟಮರ್‌ಗಳ ನಂಬರ್ ಕೊಡಿ. ಅವರಿಗೇ ಮೆಸೇಜ್ ಕಳಿಸಿ ನೆನಪು ಮಾಡ್ತೀವಿ, ಲಿಂಕ್ ಕಳಿಸ್ತೀವಿ. ಅವರೇ ಬರೀತಾರೆ' ಅಂದಳು. ವಾಟ್ಸಾಪಿನಲ್ಲೂ ಅದನ್ನೇ ಕಳಿಸಿದರು, '100% ಜೆನ್ಯೂನ್ ಕಸ್ಟಮರ್ ರಿವ್ಯೂ' ಅಂತ. ಆ ಮೆಸೇಜ್ ಈಗಲೂ ನನ್ನ ಹತ್ತಿರ ಇದೆ. ಎಂಟು ಸಾವಿರ, ಅರ್ಧ ಮುಂಗಡ. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಮಾತೇ ಅಲ್ವಾ? ನಮಗೆ ಪುರುಸೊತ್ತಿಲ್ಲದ ಕೆಲಸವನ್ನು ಇನ್ನೊಬ್ಬರು ಮಾಡಿಕೊಡುತ್ತಾರೆ ಅಂತ.

ಆಮೇಲೆ ಒಬ್ಬ ಹುಡುಗ ಅಂಗಡಿಗೆ ಬಂದ. ಕುತ್ತಿಗೆಯಲ್ಲಿ ಐಡಿ ಕಾರ್ಡ್, ಅದರ ಮೇಲೆ ನಾಲ್ಕು ಬಣ್ಣದ ಜಿ ಅಕ್ಷರ. ನಾನು ಸಿಪಿವಿಸಿ ಪೈಪ್ ಅಳತೆ ಹಾಕಿ ಕತ್ತರಿಸುತ್ತಿದ್ದೆ, ಕೈಯೆಲ್ಲ ಸಲ್ಯೂಷನ್. 'ನೀವು ಕೆಲಸ ಮಾಡ್ಕೊಳ್ಳಿ ಸರ್, ಲಾಕ್ ತೆಗೆದುಕೊಡಿ ಸಾಕು' ಅಂದ. 'ಮ್ಯಾನೇಜರ್ ಆಕ್ಸೆಸ್ ಅಷ್ಟೇ ಸರ್, ಇಲ್ಲಾಂದ್ರೆ ರಿಪೋರ್ಟ್ ಕೊಡೋಕಾಗಲ್ಲ' ಅಂತ ಏನೇನೋ ಒತ್ತಿದ. ಹೋಗುವಾಗ ಒಂದು ಮಾತು ಹೇಳಿದ: 'ಒಂದು ವಾರ ಪ್ರೊಫೈಲ್‌ನಲ್ಲಿ ಏನೂ ಮುಟ್ಬೇಡಿ ಸರ್. ಗೂಗಲ್ ಚೆಕಿಂಗ್ ನಡೀತಿರುತ್ತೆ.' ವಾರ ಕಳೆದ ಮೇಲೆ ಅವನೇ ಮತ್ತೆ ಬಂದ. 'ಫೈನಲ್ ವೆರಿಫಿಕೇಶನ್' ಅಂತ ಮತ್ತೆ ಫೋನ್ ತೆಗೆದುಕೊಂಡ.

ಆ ಒಂದು ವಾರದ ಗುಟ್ಟು ಏನು ಅಂತ ಆಮೇಲೆ ಗೊತ್ತಾಯಿತು. ಗೂಗಲ್ ಬಿಸಿನೆಸ್ ಪ್ರೊಫೈಲಿಗೆ ಹೊಸದಾಗಿ ಸೇರಿದ ಓನರ್‌ಗೆ ಮೊದಲ 7 ದಿನ ಪೂರ್ತಿ ಅಧಿಕಾರ ಇರುವುದಿಲ್ಲ. ಪ್ರೊಫೈಲ್ ಅಳಿಸೋಕಾಗಲ್ಲ, ಬೇರೆಯವರನ್ನು ತೆಗೆಯೋಕಾಗಲ್ಲ, ಅವನನ್ನು ಮುಖ್ಯ ಓನರ್ ಮಾಡೋಕೂ ಆಗಲ್ಲ. ಮೋಸ ಆಗಬಾರದು ಅಂತಲೇ ಗೂಗಲ್ ಇಟ್ಟಿರುವ ತಡೆ ಅದು. ಅಂದರೆ ಮೊದಲ ದಿನ ಅವನು ಸೇರಿಸಿಕೊಂಡದ್ದು ಮ್ಯಾನೇಜರ್ ಅಂತ ಅಲ್ಲ, ಓನರ್ ಅಂತ. ಏಳು ದಿನ ಕಳೆಯಲಿ ಅಂತ ಕಾದು, ನನ್ನ ಫೋನಿನಿಂದಲೇ ತಮ್ಮನ್ನು ಮುಖ್ಯ ಓನರ್ ಮಾಡಿಕೊಂಡು, ನನ್ನನ್ನು ತೆಗೆದುಹಾಕಿದರು. ನನ್ನ ಕಣ್ಣೆದುರೇ, ನನ್ನ ಅಂಗಡಿಯಲ್ಲೇ ಕೂತು! ನಾನು ಅವನಿಗೆ ಕಾಫಿ ಬೇರೆ ತರಿಸಿಕೊಟ್ಟಿದ್ದೆ. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಇಷ್ಟೆಲ್ಲ ಆಗಿದ್ದು ನನಗೆ ಆಗ ಗೊತ್ತೇ ಇರಲಿಲ್ಲ. ರಿವ್ಯೂ ಬರೋಕೆ ಶುರುವಾಯಿತು. ಐದು ಸ್ಟಾರ್, ಐದು ಸ್ಟಾರ್. ಮೊದಲ ದಿನ ಖುಷಿಯೇ ಆಯಿತು. ಹೆಸರು ನೋಡಿದರೆ ಒಂದೂ ಪರಿಚಯ ಇಲ್ಲ. ಮೈಸೂರಿನವರೇ ಇರಬಹುದು, ಗಿರಾಕಿಗಳ ಮಕ್ಕಳ ಅಕೌಂಟ್ ಇರಬಹುದು ಅಂದುಕೊಂಡೆ.

ಅಷ್ಟರಲ್ಲಿ ಸರಸ್ವತಿಪುರಂನ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಅವರ ಮನೆ ಕಟ್ಟುವಾಗಿನಿಂದ ನಾನೇ ಕೆಲಸ ಮಾಡುತ್ತಿರುವುದು. 'ಏನಪ್ಪಾ, ಲಾಡ್ಜ್ ಏನಾದ್ರೂ ತೆಗೆದ್ಯಾ?' ಅಂದರು. 'ಯಾಕೆ ಮೇಷ್ಟ್ರೇ?' ಅಂದೆ. ಓದಿ ಹೇಳಿದರು. ಇಂಗ್ಲಿಷಿನಲ್ಲಿ ಒಬ್ಬ ಬರೆದಿದ್ದ, ರೂಮ್ ತುಂಬಾ ಕ್ಲೀನ್ ಇತ್ತು, ಬೆಳಗಿನ ತಿಂಡಿ ಚೆನ್ನಾಗಿತ್ತು, ಫ್ಯಾಮಿಲಿ ಜೊತೆ ಉಳಿದುಕೊಳ್ಳೋಕೆ ಒಳ್ಳೆಯ ಜಾಗ ಅಂತ. ಅದರ ಕೆಳಗೆ ಇನ್ನೊಬ್ಬ ಹಿಂದಿಯಲ್ಲಿ, ಲ್ಯಾಪ್‌ಟಾಪ್ ರಿಪೇರಿ ಬೇಗ ಮಾಡಿಕೊಟ್ಟರು ಅಂತ. ನನ್ನ ಅಂಗಡಿಯ ಬೋರ್ಡಿನ ಫೋಟೋ ಮೇಲೆ, ಸೋಲಾರ್ ಟ್ಯೂಬಿನ ಫೋಟೋ ಪಕ್ಕ, ರೂಮ್ ಕ್ಲೀನ್ ಇತ್ತಂತೆ. ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು, 'ನಿನ್ನ ಕೆಲಸಕ್ಕೆ ಇದೆಲ್ಲ ಬೇಕಿತ್ತೇನಪ್ಪಾ?' ಅಂದರು. ನನಗೆ ಉತ್ತರ ಕೊಡೋಕೆ ಆಗಲಿಲ್ಲ. ನಾನು ಮಾಡಿಸಿದ್ದಲ್ಲ ಅಂದರೆ ನಂಬುವವರು ಯಾರು? ಐದು ಸ್ಟಾರ್ ಬಿದ್ದಿರುವುದು ನನ್ನ ಹೆಸರಿಗೆ ತಾನೇ.

ಮರ್ಯಾದೆ ಹೋಯಿತು ಅನ್ನುವುದು ಇದಕ್ಕೇ. ಈ ಮೇಷ್ಟ್ರು ಬಿಲ್ ಕೂಡ ನೋಡದೆ ದುಡ್ಡು ಕೊಡುವವರು.

ತಕ್ಷಣ ಆ ರಿವ್ಯೂ ಮಾಡಿಸಿಕೊಡ್ತೀವಿ ಅಂದವರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಹಾಗೆಯೇ ಹಾಕುತ್ತೇನೆ, ನಿಮಗೂ ಇದನ್ನೇ ಹೇಳುತ್ತಾರೆ.

'ಇದೇನು, ಗೊತ್ತಿಲ್ಲದವರೆಲ್ಲ ಬರೆದಿದ್ದಾರಲ್ಲ?' ಅಂದದ್ದಕ್ಕೆ, 'ಸರ್, ಅದು ನಮ್ಮ ಟೀಮಿನ ಸಪೋರ್ಟ್ ರಿವ್ಯೂ. ಮೊದಲು ಸ್ವಲ್ಪ ಹಾಕಿದ್ರೆ ಆಮೇಲೆ ಜನ ತಾವೇ ಹಾಕ್ತಾರೆ.'

'ನನ್ನ ಗಿರಾಕಿಗಳಿಗೆ ಮೆಸೇಜ್ ಕಳಿಸಿದ್ದೀರಾ?' ಅಂದದ್ದಕ್ಕೆ, 'ಅದು ಸೆಕೆಂಡ್ ಫೇಸ್ ಸರ್. ಬ್ಯಾಲೆನ್ಸ್ ಕ್ಲಿಯರ್ ಮಾಡಿದ್ರೆ ಶುರು ಮಾಡ್ತೀವಿ.'

'ಆ ಸುಳ್ಳು ರಿವ್ಯೂ ತೆಗೆಯಿರಿ' ಅಂದದ್ದಕ್ಕೆ, 'ಒಂದ್ಸಲ ಹಾಕಿದ್ದನ್ನ ತೆಗೆಯೋಕಾಗಲ್ಲ ಸರ್. ಎಲ್ರೂ ಮಾಡಿಸ್ತಾರೆ. ಕಾನೂನಲ್ಲಿ ಏನೂ ಇಲ್ಲ ಸರ್, ಟೆನ್ಷನ್ ಮಾಡ್ಕೊಬೇಡಿ.'

ಕಾನೂನಲ್ಲಿ ಏನೂ ಇಲ್ಲವಂತೆ! ಆನ್‌ಲೈನ್ ರಿವ್ಯೂಗಳಿಗೆ ಅಂತಲೇ ಬಿಐಎಸ್ (ಐಎಸ್‌ಐ ಮಾರ್ಕ್ ಕೊಡುವ ಸರ್ಕಾರಿ ಸಂಸ್ಥೆ) 2022ರ ನವೆಂಬರ್‌ನಲ್ಲಿ ಐಎಸ್ 19000:2022 ಅನ್ನುವ ಮಾನದಂಡ ತಂದಿದೆ. ದುಡ್ಡು ಕೊಟ್ಟು ಬರೆಸಿದ ರಿವ್ಯೂ ಹಾಕಬಾರದು ಅಂತ ಅದರಲ್ಲಿದೆ. ಅದು ಕಡ್ಡಾಯ ಅಲ್ಲ, ನಿಜ. ಆದರೆ ಗಿರಾಕಿಯ ದಾರಿ ತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯೇ ಇದೆ. ಗೂಗಲ್ ನಿಯಮದಲ್ಲಂತೂ ಸುಳ್ಳು ರಿವ್ಯೂ ಮಾತ್ರ ಅಲ್ಲ, ರಿವ್ಯೂ ಹಾಕಿದರೆ ಇಷ್ಟು ಕಮ್ಮಿ ಮಾಡ್ತೀವಿ ಅಂತ ಡಿಸ್ಕೌಂಟ್ ಕೊಡುವುದೂ ತಪ್ಪು. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ತಪ್ಪು. ಅವರೇ ನನಗೊಂದು ಕ್ಯೂಆರ್ ಸ್ಟ್ಯಾಂಡ್ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಐದು ಸ್ಟಾರ್ ಒತ್ತಿದರೆ ಗೂಗಲಿಗೆ ಹೋಗುತ್ತದೆ, ಮೂರು ಸ್ಟಾರ್ ಒತ್ತಿದರೆ ಗೂಗಲಿಗೆ ಹೋಗದೆ ಇವರದ್ದೇ ಯಾವುದೋ ಫಾರ್ಮ್ ತೆರೆದುಕೊಂಡು ನಂಬರ್ ಕೇಳುತ್ತದೆ. ಆ ಸ್ಟ್ಯಾಂಡನ್ನು ಸಾಕ್ಷಿಗೆ ಅಂತ ಎತ್ತಿಟ್ಟಿದ್ದೇನೆ.

ಇನ್ನು ಕೆಟ್ಟದ್ದು ಮುಂದೆ ಆಯಿತು. ಒಂದು ಬೆಳಿಗ್ಗೆ ನೋಡಿದರೆ ರಿವ್ಯೂಗಳೇ ಇಲ್ಲ. ಸುಳ್ಳು ರಿವ್ಯೂ ಹೋಗಿದ್ದರೆ ಕೈ ಮುಗಿಯುತ್ತಿದ್ದೆ. ನಿಜವಾದವೂ ಹೋಗಿವೆ. ಹೊಸದಾಗಿ ಯಾರಾದರೂ ಬರೆಯಲು ಹೋದರೂ ಆಗುತ್ತಿಲ್ಲ. ಸುಳ್ಳು ರಿವ್ಯೂ ಸಿಕ್ಕಿಬಿದ್ದರೆ ಗೂಗಲ್ ಹೀಗೇ ಮಾಡುತ್ತದೆ: ಇರುವ ರಿವ್ಯೂಗಳನ್ನು ಸ್ವಲ್ಪ ಕಾಲ ಮರೆಮಾಡುತ್ತದೆ, ಹೊಸದನ್ನು ತಡೆಯುತ್ತದೆ, ಈ ಅಂಗಡಿಯ ಸುಳ್ಳು ರಿವ್ಯೂ ತೆಗೆದಿದ್ದೇವೆ ಅಂತ ಎಲ್ಲರಿಗೂ ಕಾಣುವ ಹಾಗೆ ಎಚ್ಚರಿಕೆಯನ್ನೂ ಹಾಕಬಹುದು. ಇದರ ವಿರುದ್ಧ ಅಪೀಲ್ ಹಾಕಲು ಓನರ್‌ಗೆ ಅವಕಾಶ ಇದೆ. ಹಾಕೋಣ ಅಂತ ಒಳಗೆ ಹೋದರೆ ನನಗೆ ಪ್ರವೇಶವೇ ಇಲ್ಲ. ಆಗಲೇ ನನಗೆ ಎಲ್ಲ ಅರ್ಥವಾಗಿದ್ದು. ನನ್ನ ಅಂಗಡಿಗೆ ಓನರ್ ನಾನಲ್ಲ.

ಮತ್ತೆ ಫೋನ್. ಈ ಸಲ ಬೇರೆ ದನಿ, ಗಂಡಸು. 'ಸರ್, ಅದು ಗೂಗಲ್ ಅಲ್ಗಾರಿದಮ್ ಅಪ್‌ಡೇಟ್. ನಮ್ಮ ಕಡೆಯಿಂದ ಕೆಲಸ ಮುಗಿದಿದೆ.' ಓನರ್‌ಶಿಪ್ ವಾಪಸ್ ಕೊಡಿ ಅಂದೆ. 'ಬ್ಯಾಲೆನ್ಸ್ ನಾಲ್ಕು ಸಾವಿರ, ಟ್ರಾನ್ಸ್‌ಫರ್ ಚಾರ್ಜ್ ಐದು ಸಾವಿರ. ಹಾಕಿ ಸರ್, ಸಂಜೆ ಒಳಗೆ ಕೊಡ್ತೀವಿ.' ನನ್ನ ಅಂಗಡಿ ನನಗೆ ವಾಪಸ್ ಕೊಡೋಕೆ ಚಾರ್ಜ್! ಪೊಲೀಸಿಗೆ ಹೋಗ್ತೀನಿ ಅಂದೆ. ಸ್ವಲ್ಪವೂ ದನಿ ಏರಿಸದೆ ಹೇಳಿದ, 'ಹೋಗಿ ಸರ್. ಐದು ಸ್ಟಾರ್ ಹಾಕೋರಿಗೆ ಒಂದು ಸ್ಟಾರ್ ಹಾಕೋಕೂ ಬರುತ್ತೆ. ನಂಬರ್ ಚೇಂಜ್ ಮಾಡೋಕೂ ಬರುತ್ತೆ.' ಅಂದರೆ ನನ್ನ ಪೇಜಿನಲ್ಲಿ ಇನ್ನೊಬ್ಬ ಪ್ಲಂಬರ್‌ನ ನಂಬರ್ ಹಾಕುತ್ತಾರಂತೆ. ನನ್ನ ಹೆಸರು ನೋಡಿ ಫೋನ್ ಮಾಡಿದವರು ಯಾರದೋ ಕೈಗೆ ಸಿಗುತ್ತಾರೆ.

ಮೊದಲು ಕೊಟ್ಟ ಮುಂಗಡ ಬಿಟ್ಟು ನಾನು ಒಂದು ರೂಪಾಯಿಯೂ ಕೊಟ್ಟಿಲ್ಲ. ನೀವೂ ಕೊಡಬೇಡಿ. ಒಂದು ಸಲ ಕೊಟ್ಟರೆ ಬಿಡುವುದಿಲ್ಲ.

ಈಗ ನೇರವಾಗಿ ಹೇಳುತ್ತೇನೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ರಿವ್ಯೂ ಜಾಸ್ತಿ ಮಾಡ್ತೀವಿ, ಮೇಲೆ ತರ್ತೀವಿ ಅಂತ ದುಡ್ಡು ಕೇಳಲು ಗೂಗಲ್‌ನವರು ಫೋನ್ ಮಾಡಲ್ಲ. ಗೂಗಲ್ ಕಡೆಯಿಂದ ಅಂದರೆ ಅಲ್ಲಿಗೇ ಕಟ್ ಮಾಡಿ. ವೆರಿಫಿಕೇಶನ್ ಕೋಡ್ ಹೇಳಬೇಡಿ, ಫೋನ್ ಕೈಗೆ ಕೊಡಬೇಡಿ. ಇವತ್ತೇ ನಿಮ್ಮ ಪ್ರೊಫೈಲಿನ ಸೆಟ್ಟಿಂಗ್ಸಿಗೆ ಹೋಗಿ ಯಾರ್ಯಾರು ಇದ್ದಾರೆ ನೋಡಿ. ಗೊತ್ತಿಲ್ಲದ ಇಮೇಲ್ ಒಂದಿದ್ದರೂ ಈಗಲೇ ತೆಗೆಯಿರಿ. ಏಳು ದಿನದ ಒಳಗಾದರೆ ನಿಮ್ಮ ಕೈಯಲ್ಲೇ ಇರುತ್ತದೆ.

ರಿವ್ಯೂ ಬೇಕಾದರೆ ಪ್ರೊಫೈಲ್ ಒಳಗೇ ರಿವ್ಯೂ ಕೇಳುವ ಲಿಂಕ್ ಇದೆ, ಕ್ಯೂಆರ್ ಕೂಡ ಅಲ್ಲೇ ಸಿಗುತ್ತದೆ. ಬಿಲ್ಲಿನ ಹಿಂದೆ ಪ್ರಿಂಟ್ ಹಾಕಿಸಿ. ಕೆಲಸ ಮುಗಿದ ಸಂಜೆಯೇ ವಾಟ್ಸಾಪಿನಲ್ಲಿ ನೀವೇ ಲಿಂಕ್ ಕಳಿಸಿ, 'ಅಮ್ಮಾ, ನೀರು ಸರಿಯಾಗಿ ಬರ್ತಿದೆಯಾ? ಪುರುಸೊತ್ತಾದಾಗ ಎರಡು ಸಾಲು ಬರೀರಿ' ಅಂತ. ಕನ್ನಡದಲ್ಲಿ ಬರೆದರೂ ಆಗುತ್ತದೆ ಅಂತ ಹೇಳಿ. ಎಷ್ಟೋ ಜನ ಇಂಗ್ಲಿಷ್ ಬರಲ್ಲ ಅಂತಲೇ ಬರೆಯಲ್ಲ. ತಿಂಗಳಿಗೆ ಮೂರೇ ಬಂದರೂ ಅದು ನಿಮ್ಮದು. ಯಾರೋ ಕೆಟ್ಟದಾಗಿ ಬರೆದರೆ ಕೆಳಗೆ ಮರ್ಯಾದೆಯಿಂದ ಉತ್ತರ ಕೊಡಿ, ಹೋಗಿ ಕೆಲಸ ಸರಿ ಮಾಡಿಕೊಡಿ. ಹೊಸ ಗಿರಾಕಿಗಳು ಆ ಉತ್ತರವನ್ನೂ ಓದುತ್ತಾರೆ.

ನನ್ನ ಹಾಗೆ ಸಿಕ್ಕಿಬಿದ್ದವರು ಮ್ಯಾಪ್ಸಿನಲ್ಲಿ ನಿಮ್ಮ ಅಂಗಡಿ ತೆರೆದು ಓನರ್‌ಶಿಪ್ ಕೇಳುವ ರಿಕ್ವೆಸ್ಟ್ ಹಾಕಿ. ಈಗಿರುವ ಓನರ್‌ಗೆ ಉತ್ತರ ಕೊಡಲು 3 ದಿನ ಸಮಯ ಇರುತ್ತದೆ. ಅವರು ಬೇಡ ಅಂದರೂ ಗೂಗಲಿಗೆ ಅಪೀಲ್ ಹಾಕಬಹುದು. ಬೋರ್ಡಿನ ಫೋಟೋ, ಜಿಎಸ್‌ಟಿ ಅಥವಾ ಟ್ರೇಡ್ ಲೈಸೆನ್ಸ್, ಅಂಗಡಿಯ ಕರೆಂಟ್ ಬಿಲ್ ರೆಡಿ ಇಟ್ಟುಕೊಳ್ಳಿ. ದುಡ್ಡು ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ನಾನು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇನೆ, ಗೂಗಲಿಗೂ ಹಾಕಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ನನ್ನ ಪೇಜಿನಲ್ಲಿ ಏನು ಕಂಡರೂ ನಂಬಬೇಡಿ, ಬಿಲ್ಲಿನ ಮೇಲಿರುವ ನಂಬರಿಗೇ ಫೋನ್ ಮಾಡಿ. 'ಗೂಗಲ್ ಕಡೆಯಿಂದ' ಅಂತ ಇದೇ ಮಾತಾಡಿದವರು ನಿಮ್ಮ ಅಂಗಡಿಗೂ ಬಂದಿದ್ದರೆ ವಾಟ್ಸಾಪ್ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನೀವೂ ದೂರು ಕೊಡಿ. ನಾಚಿಕೆ ಅಂತ ಸುಮ್ಮನಿರಬೇಡಿ. ಆ ಹುಡುಗ ಅದೇ ಐಡಿ ಕಾರ್ಡ್ ಹಾಕಿಕೊಂಡು ಇವತ್ತೂ ಯಾರದೋ ಅಂಗಡಿಯಲ್ಲಿ ಕೂತಿರುತ್ತಾನೆ.