ಹೆಲಿಕಾಯಿಲ್ ಕಿಟ್: ನಾಲ್ಕು ಮಳೆಗಾಲ ಕಳೆದ ಮೇಲೆ

ಹೆಲಿಕಾಯಿಲ್ ಕಿಟ್ ಎಂದರೆ ಬೋಲ್ಟ್ ಕೂರುವ ರಂಧ್ರದ ಹಾಳಾದ ಥ್ರೆಡ್ಡನ್ನು, ಅಂದರೆ ತಿರುಪಿನ ಸುತ್ತುಗಳನ್ನು, ತಂತಿಯ ಸುರುಳಿ ಕೂರಿಸಿ ಸರಿಪಡಿಸುವ ಸಲಕರಣೆ. ನನಗೆ ಅದು ಬೇಕಾದದ್ದು ಹೀಗೆ: ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುವಾಗ ಎಡಗಡೆಯ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್ ಸದ್ದು ಶುರುವಾಯಿತು. ಶಾಕ್ ಅಬ್ಸಾರ್ಬರ್ ಬದಲಿಸಿ ಇನ್ನೂ ತಿಂಗಳಾಗಿರಲಿಲ್ಲ. ಸುರತ್ಕಲ್ಲಿನ ಮನೆಯಂಗಳದಲ್ಲಿ ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ಮಲಗಿ ನೋಡಿದರೆ ಸ್ಟೆಬಿಲೈಜರ್ ಬಾರ್‌ನ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಂಬಿ) ರಬ್ಬರ್ ಬುಷ್ ಹಿಡಿದಿರುವ ಬ್ರಾಕೆಟ್ಟಿನ ಒಂದು ಬೋಲ್ಟ್ ಬೆರಳಿಗೇ ಅಲುಗಾಡುತ್ತಿತ್ತು. ಬಿಗಿ ಮಾಡಲು ಹೋದರೆ ಸುತ್ತಿದಷ್ಟೂ ಸುತ್ತಿತು, ಹಿಡಿಯಲೇ ಇಲ್ಲ.

ಬೋಲ್ಟನ್ನು ಹೊರಗೆಳೆದಾಗ ಅದರ ಥ್ರೆಡ್ಡಿನ ಸಂದಿಯಲ್ಲಿ ನಟ್‌ನ ಲೋಹ ಸಣ್ಣ ಸ್ಪ್ರಿಂಗಿನಂತೆ ಸುತ್ತಿಕೊಂಡು ಬಂದಿತ್ತು. ಪಿಚ್, ಅಂದರೆ ಒಂದು ಸುತ್ತಿಗೆ ಬೋಲ್ಟ್ ಮುಂದೆ ಹೋಗುವ ದೂರ, ಅಳೆಯುವ ಗೇಜ್ ಇಟ್ಟು ನೋಡಿದೆ: 1.5 ಮಿ.ಮೀ. ಬಲಗಡೆಯ ಮೂಲ ಬೋಲ್ಟ್ ತೆಗೆದು ನೋಡಿದೆ: 1.25. ಎರಡೂ 10 ಮಿ.ಮೀ. ದಪ್ಪದವು, ಪಕ್ಕಪಕ್ಕದಲ್ಲಿ ಇಟ್ಟರೂ ಬರಿಗಣ್ಣಿಗೆ ಒಂದೇ. ಆದರೆ ಹತ್ತು ಸುತ್ತಿಗೆ ಒಂದು 12.5 ಮಿ.ಮೀ. ಮುಂದೆ ಹೋಗುತ್ತದೆ, ಇನ್ನೊಂದು 15. ಶಾಕ್ ಬದಲಿಸಿದ ಗ್ಯಾರೇಜಿನಲ್ಲಿ ಮೂಲ ಬೋಲ್ಟ್ ಎಲ್ಲೋ ಉರುಳಿರಬೇಕು. ಡಬ್ಬಿಯಲ್ಲಿ ಸಿಕ್ಕಿದ ಇನ್ನೊಂದನ್ನು ಗಾಳಿಯ ಗನ್ನಿನಿಂದ ತುರುಕಿದ್ದಾರೆ. ಇಂಥ ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ತಡೆಯುತ್ತದೆ. ಕೈಯಲ್ಲಿ ತಿರುಗಿಸುವವನಿಗೆ ಆ ತಡೆ ಕೂಡಲೇ ತಿಳಿಯುತ್ತದೆ. ಗನ್ನಿಗೆ ಅಂಥ ನಾಚಿಕೆಯಿಲ್ಲ.

ಆ ನಟ್ ಸಬ್‌ಫ್ರೇಮಿನ (ಮುಂದಿನ ಚಕ್ರಗಳ ಜೋಡಣೆಯನ್ನು ಹೊರುವ ಉಕ್ಕಿನ ಚೌಕಟ್ಟು) ಒಳಗೆ ವೆಲ್ಡ್ ಆಗಿರುವಂಥದ್ದು, ಹೊರಗಿನಿಂದ ಬದಲಿಸಲಾಗದು. ಕೇಳಿದ ಎರಡನೆಯ ಗ್ಯಾರೇಜು ಸಬ್‌ಫ್ರೇಮನ್ನೇ ಬದಲಿಸಬೇಕೆಂದಿತು. 2010ರ ಹ್ಯಾಚ್‌ಬ್ಯಾಕಿಗೆ ಅದು ಮೂಗಿಗಿಂತ ಮೂಗುತಿ ಭಾರ. ಹಾಗಾಗಿ 2021ರ ಅಕ್ಟೋಬರಿನಲ್ಲಿ, ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟು ಎಂ10–1.25ರ (10 ಮಿ.ಮೀ. ದಪ್ಪ, 1.25 ಪಿಚ್) ಒಂದೇ ಅಳತೆಯ ಹೆಲಿಕಾಯಿಲ್ ಮಾದರಿಯ ಕಿಟ್ ತರಿಸಿದೆ. ಒಂದು ಡ್ರಿಲ್ ಬಿಟ್, ಒಂದು ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಾಧನ), ಕೂರಿಸುವ ಸಲಕರಣೆ, ಸುರುಳಿಯ ಬಾಲ (ಕೂರಿಸುವಾಗ ಹಿಡಿದು ತಿರುಗಿಸಲು ಒಳಕ್ಕೆ ಬಗ್ಗಿಸಿದ ತುದಿ) ಮುರಿಯುವ ಪಂಚ್, ಹತ್ತು ಸುರುಳಿ.

ಇದರ ಉಪಾಯ ಸರಳ. ಹಾಳಾದ ಥ್ರೆಡ್ಡನ್ನು 10.3 ಮಿ.ಮೀ. ಬಿಟ್ಟಿನಿಂದ ಕೊರೆದು ತೆಗೆಯಬೇಕು. ಆ ರಂಧ್ರಕ್ಕೆ ಕಿಟ್ಟಿನ ಟ್ಯಾಪ್ ಹೊಡೆಯಬೇಕು. ಅದು ಮಾಮೂಲಿ 10ರ ಟ್ಯಾಪ್ ಅಲ್ಲ, ಹೊರ ಅಳತೆ 11.6 ಮಿ.ಮೀ. ಹತ್ತಿರ ಇರುತ್ತದೆ, ಪಿಚ್ ಮಾತ್ರ ಅದೇ 1.25. ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರುತ್ತದೆ. ತಂತಿಯನ್ನು ಅಡ್ಡ ಕತ್ತರಿಸಿ ನೋಡಿದರೆ ವಜ್ರದ ಆಕಾರ: ಹೊರಮೈ ಹೊಸ ಥ್ರೆಡ್ಡಿನಲ್ಲಿ ಹೂತುಕೊಳ್ಳುತ್ತದೆ, ಒಳಮೈ ಬೋಲ್ಟಿಗೆ ಮೊದಲಿನ 10ರ ಥ್ರೆಡ್ಡನ್ನೇ ಒದಗಿಸುತ್ತದೆ. ಸುರುಳಿಯ ಸಹಜ ಅಳತೆ ರಂಧ್ರಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಹೋದ ಮೇಲೆ ಹಿಗ್ಗಲು ನೋಡುವುದರಿಂದಲೇ ಅದು ಅಲ್ಲಿ ನಿಲ್ಲುತ್ತದೆ, ಅಂಟು ಬೇಕಿಲ್ಲ. ಸುರುಳಿಯ ಹೊರತುದಿ ಮೇಲ್ಮೈಗಿಂತ ಕಾಲರಿಂದ ಅರ್ಧ ಸುತ್ತು ಒಳಗಿರಬೇಕು. ಕೊನೆಗೆ ಪಂಚ್ ಇಟ್ಟು ಒಂದು ಏಟು ಕೊಟ್ಟರೆ ಬಾಲ ಮುರಿಯುತ್ತದೆ. ನನ್ನ ಬಾಲ ಸಬ್‌ಫ್ರೇಮಿನೊಳಕ್ಕೇ ಬಿತ್ತು. ಇವತ್ತಿಗೂ ಅಲ್ಲೇ ಇದೆ, ಸದ್ದು ಮಾಡಿಲ್ಲ.

ಕಷ್ಟವಾದದ್ದು ನೇರವಾಗಿ ಕೊರೆಯುವುದು. ಬೆನ್ನು ನೆಲಕ್ಕೆ, ಡ್ರಿಲ್ ಆಕಾಶಕ್ಕೆ, ಉಕ್ಕಿನ ಚೂರು ಕನ್ನಡಕದ ಮೇಲೆ. ಬಿಟ್ ಎರಡು ಡಿಗ್ರಿ ವಾಲಿದರೂ ಬೋಲ್ಟ್ ಸೊಟ್ಟಗೆ ನಿಂತು ಬ್ರಾಕೆಟ್ ಕೂರುವುದಿಲ್ಲ. ಪಕ್ಕದ ಲೇತ್ ಅಂಗಡಿಯವರು ಬ್ರಾಕೆಟ್ ಕೂರುವ ಜಾಗಕ್ಕೆ ಒತ್ತಿ ಹಿಡಿಯಬಹುದಾದ, ನಡುವೆ 10.3ರ ರಂಧ್ರವಿರುವ ಒಂದು ಉಕ್ಕಿನ ತುಂಡನ್ನು ಮಾಡಿಕೊಟ್ಟರು. ಕಿಟ್ಟಿಗಿಂತ ಅದೇ ನನ್ನ ಕೆಲಸ ಉಳಿಸಿತು ಎನ್ನಬಹುದು.

ಕಿಟ್ಟಿನ ಬಗ್ಗೆ ದೂರುಗಳಿವೆ. ಬಿಟ್ ಮೊದಲ ರಂಧ್ರಕ್ಕೇ ಮೊಂಡಾಯಿತು. ಎರಡನೆಯದಕ್ಕೆ ಹೊಸದು ಕೊಂಡೆ. ಬಂದ ಹತ್ತು ಸುರುಳಿಗಳೂ 15 ಮಿ.ಮೀ. ಉದ್ದದವು, ಅಂದರೆ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು. ವೆಲ್ಡ್ ಆದ ನಟ್‌ನ ಎತ್ತರ 10 ಮಿ.ಮೀ. ಮಾತ್ರ. ಉಳಿದ ಸುತ್ತುಗಳು ಆಧಾರವಿಲ್ಲದೆ ನೇತಾಡುತ್ತವೆ. 10 ಮಿ.ಮೀ. ಸುರುಳಿಗಳನ್ನು ಬೇರೆಯಾಗಿ ತರಿಸಬೇಕಾಯಿತು. ಟ್ಯಾಪ್ ಒಂದೇ ಇದೆ, ಅದರ ತುದಿ ಓರೆ; ತಳ ಮುಚ್ಚಿದ ರಂಧ್ರದಲ್ಲಿ ಕೊನೆಯ ಸುತ್ತುಗಳನ್ನು ಅದು ಕೊರೆಯಲಾರದು. ಕೊಳ್ಳುವವರು ಮೊದಲು ತಮ್ಮ ರಂಧ್ರದ ಆಳ ಅಳೆಯಲಿ.

ಹೊಗಳಬೇಕಾದ್ದು ಸುರುಳಿಯನ್ನೇ. ನಾಲ್ಕು ಮಳೆಗಾಲ, ಕಡಲಿನ ಉಪ್ಪುಗಾಳಿ, ಘಾಟಿಯ ಹೊಂಡಗಳು. ಬುಷ್ ಬದಲಿಸಲು 2023ರಲ್ಲಿ ಬಿಚ್ಚಿದಾಗ ಬೋಲ್ಟ್ ಸುಲಭವಾಗಿ ಬಂತು, ಸುರುಳಿ ಅಲ್ಲೇ ನಿಂತಿತ್ತು. ಆದರೆ ಆಮೇಲೆ ಬಲಗಡೆಗೆ ಹಾಕಿದ ಇನ್ನೊಂದು ಸುರುಳಿ ಕಳೆದ ವರ್ಷ ಬೋಲ್ಟಿನ ಜೊತೆಗೇ ಹೊರಬಂತು. ಅಲ್ಲಿ ತುಕ್ಕು ಹಿಡಿದ ಹಳೆಯ ಬೋಲ್ಟನ್ನೇ ಒಣದಾಗಿ ಹಾಕಿದ್ದೆ, ತಪ್ಪು ನನ್ನದು. ಹೊಸ ಸುರುಳಿ, ಹೊಸ ಬೋಲ್ಟ್, ಹತ್ತು ನಿಮಿಷದ ಕೆಲಸ. ಈಗ ಬೋಲ್ಟಿಗೆ ಗ್ರೀಸ್ ತೆಳ್ಳಗೆ ಸವರುತ್ತೇನೆ. ಹಾಗೆ ಸವರಿದರೆ ಘರ್ಷಣೆ ಕಡಿಮೆಯಾಗಿ ಅದೇ ಟಾರ್ಕಿಗೆ (ಬಿಗಿ ಮಾಡುವ ತಿರುಗುಬಲಕ್ಕೆ) ಬೋಲ್ಟ್ ಹೆಚ್ಚು ಎಳೆತಕ್ಕೆ ಒಳಗಾಗುತ್ತದೆ. ಆದ್ದರಿಂದ ಒಣ ಥ್ರೆಡ್ಡಿಗೆಂದು ಕೊಟ್ಟ ಟಾರ್ಕನ್ನು ಪೂರ್ತಿ ಕೊಡುವುದಿಲ್ಲ.

ಎಲ್ಲ ಕಡೆಗೂ ಇದನ್ನು ಹಾಕಬೇಡಿ. ಸ್ಟ್ರಟ್ಟನ್ನು (ಶಾಕ್ ಅಬ್ಸಾರ್ಬರ್ ಜೋಡಣೆ) ನಕಲ್‌ಗೆ (ಚಕ್ರವನ್ನು ಹೊರುವ ಭಾಗ) ಸೇರಿಸುವ ಬೋಲ್ಟುಗಳು ಈ ಬದಿಯಿಂದ ಆ ಬದಿಗೆ ತೂರಿ ಹೋಗಿ ನಟ್ಟಿನಲ್ಲಿ ನಿಲ್ಲುತ್ತವೆ. ಥ್ರೆಡ್ ಹೋದರೆ ಜೋಡಿಯಾಗಿ ಹೊಸದು ಹಾಕುವುದೇ ಅಗ್ಗ. ಬೋಲ್ಟಿನ ತಲೆಯ ಮೇಲೆ ಬಲದ ದರ್ಜೆ 10.9 ಎಂದಿದ್ದರೆ 10.9ರದ್ದೇ ತರಬೇಕು, 8.8 ಹೆಚ್ಚು ಕಡೆ ಸಿಗುತ್ತದೆಂದು ಅದನ್ನು ಹಾಕಬಾರದು. ಸಸ್ಪೆನ್ಷನ್, ಸ್ಟಿಯರಿಂಗ್‌ಗಳ ಕೀಲುಗಳಾದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳ ಥ್ರೆಡ್ ಹೋದರೆ ಆ ಭಾಗವನ್ನೇ ಬದಲಿಸುತ್ತೇನೆ. ಬಿಚ್ಚುವಾಗ ನಟ್ ಪೂರ್ತಿ ತೆಗೆದು ಸುತ್ತಿಗೆಯಿಂದ ಹೊಡೆಯುವುದರಿಂದಲೇ ಅವುಗಳ ತುದಿ ಅಣಬೆಯಾಗುವುದು. ನಟ್ಟನ್ನು ತುದಿಯ ಸಮಕ್ಕೆ ಬಿಟ್ಟು, ಪುಲ್ಲರ್ (ಒತ್ತಿ ಬಿಡಿಸುವ ಸಾಧನ) ಹಾಕಿದರೆ ಆ ಕಾಟವಿಲ್ಲ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳುತ್ತೇನೆ: ಈ ಕಿಟ್ಟನ್ನು ನಾಲ್ಕು ವರ್ಷದಲ್ಲಿ ಮೂರೇ ಸಲ ಬಳಸಿದ್ದೇನೆ. ಜೊತೆಗೆ ಕೊಂಡ ಥ್ರೆಡ್ ಅರವನ್ನು ಬಳಸದ ಕೆಲಸವೇ ಇಲ್ಲ. ಚೌಕದ ಕಂಬಿ, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಮುಖ, 0.75ರಿಂದ 3ರವರೆಗೆ ಎಂಟು ಪಿಚ್. ಪೆಟ್ಟು ತಿಂದ ಮೊದಲೆರಡು ಸುತ್ತನ್ನು ನೇರ ಮಾಡಲು ಐದು ನಿಮಿಷ ಸಾಕು. ಒಳಗಿನ ಥ್ರೆಡ್ಡಿನ ತುಕ್ಕಿಗೆ ಟ್ಯಾಪ್ ಹಾಕುತ್ತಿದ್ದವನು ನಾನು. ಟ್ಯಾಪ್ ಒಳ್ಳೆಯ ಲೋಹವನ್ನೂ ಕತ್ತರಿಸಿ ಹಿಡಿತ ಸಡಿಲಿಸುತ್ತದೆ ಎಂದು ಲೇತ್‌ನವರು ಬೈದ ಮೇಲೆ, ಹಳೆಯ ಬೋಲ್ಟೊಂದಕ್ಕೆ ಉದ್ದುದ್ದ ಸೀಳು ಕೊರೆದು ಚೇಸರ್ (ಲೋಹ ಕತ್ತರಿಸದೆ ಥ್ರೆಡ್ ಶುಚಿ ಮಾಡುವ ಸಾಧನ) ಮಾಡಿಕೊಂಡಿದ್ದೇನೆ. ತುಕ್ಕು ಆ ಸೀಳುಗಳಲ್ಲಿ ತುಂಬಿಕೊಂಡು ಬರುತ್ತದೆ, ಖರ್ಚು ಸೊನ್ನೆ. ಬಿಗಿಯಾದ ಬೋಲ್ಟನ್ನು ಬಿಚ್ಚುವಾಗಲೂ ಒಂದೇ ಸಮನೆ ಎಳೆಯುವುದಿಲ್ಲ: ಅರ್ಧ ಸುತ್ತು ಹೊರಗೆ, ಕಾಲು ಸುತ್ತು ಒಳಗೆ, ಎಣ್ಣೆ, ಮತ್ತೆ ಹೊರಗೆ.

ಐದರಲ್ಲಿ ಕಿಟ್ಟಿಗೆ ಮೂರೂವರೆ, ಅರಕ್ಕೆ ಐದು. ಈ ಸಲದ ಮಳೆ ಮುಗಿದ ಮೇಲೆ ಎರಡೂ ಬ್ರಾಕೆಟ್ಟುಗಳ ಬೋಲ್ಟುಗಳಿಗೆ ಟಾರ್ಕ್ ವ್ರೆಂಚ್ ಹಿಡಿದೆ. ನಾಲ್ಕಕ್ಕೆ ನಾಲ್ಕೂ ಅಲುಗದೆ ಕ್ಲಿಕ್ ಎಂದವು. ಹದಿನೈದರ ಆ ಹತ್ತು ಸುರುಳಿಗಳು ಮಾತ್ರ ಹಾಗೆಯೇ ಡಬ್ಬಿಯಲ್ಲಿವೆ; ತಳ ಆಳವಿರುವ ಕೆಲಸ ಯಾರಿಗಾದರೂ ಇದ್ದರೆ ಕೊಡುತ್ತೇನೆ.