ದುಡ್ಡಿಗೆ ತಕ್ಕ ಊಟ ಹುಡುಕಲು ಯಾವ ಆ್ಯಪ್ ಎಷ್ಟು ಕೆಲಸಕ್ಕೆ ಬರುತ್ತದೆ

ಹೊಸ ಊರಿಗೆ ಕಾಲಿಟ್ಟ ದಿನ ಹೊಟ್ಟೆ ಚುರುಗುಟ್ಟಿದಾಗ ಬಹುತೇಕರು ಮಾಡುವುದು ಒಂದೇ. ಫೋನ್ ತೆಗೆದು, ಹತ್ತಿರದ ಹೋಟೆಲುಗಳಲ್ಲಿ ಹೆಚ್ಚು ಸ್ಟಾರ್ ಇರುವುದನ್ನು ನೋಡಿ ಅಲ್ಲಿಗೆ ನಡೆದುಬಿಡುತ್ತಾರೆ. ಊಟ ಕೆಟ್ಟದಾಗಿರುವುದಿಲ್ಲ. ಆದರೆ ಅಷ್ಟೇ ಒಳ್ಳೆಯ ಊಟ ಎರಡು ಬೀದಿ ಆಚೆ ಬಹಳ ಕಡಿಮೆಗೆ ಸಿಗುತ್ತಿರುತ್ತದೆ. ಸ್ಟಾರ್ ಅನ್ನುವುದು ಬಂದುಹೋದವರ ಸಮಾಧಾನದ ಲೆಕ್ಕ. ಕೊಟ್ಟ ದುಡ್ಡಿಗೂ ತಟ್ಟೆಗೆ ಬಂದದ್ದಕ್ಕೂ ತಾಳೆ ಆಯಿತೇ ಎಂಬುದನ್ನು ಅದು ಹೇಳುವುದಿಲ್ಲ. ಹಾಗಂತ ಆ್ಯಪ್‌ಗಳನ್ನು ಬಿಡಬೇಕಿಲ್ಲ. ಒಂದೊಂದರಲ್ಲೂ ಕೆಲಸಕ್ಕೆ ಬರುವ ಭಾಗ ಒಂದೋ ಎರಡೋ ಇರುತ್ತದೆ, ಅದನ್ನಷ್ಟೇ ಬಳಸಬೇಕು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಗೂಗಲ್ ಮ್ಯಾಪ್ಸ್. ಆದರೆ 'ಹತ್ತಿರದ ರೆಸ್ಟೋರೆಂಟ್' ಎಂದು ಹುಡುಕಿ ಮೊದಲು ಬಂದದ್ದನ್ನು ಒತ್ತಿದರೆ ಅದರ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ಮೇಲೆ ಬರುವವುಗಳಲ್ಲಿ ಕೆಲವು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ 'ಪ್ರಾಯೋಜಿತ' ಎಂದಿದ್ದರೆ ದಾಟಿ ಮುಂದೆ ಹೋಗಿ. ಇನ್ನೊಂದು ವಿಷಯ, ನಕ್ಷೆಯನ್ನು ದೂರದಿಂದ ನೋಡುವಾಗ ಹೆಸರಾದ ಜಾಗಗಳಷ್ಟೇ ಕಾಣುತ್ತವೆ, ಸಣ್ಣ ಹೋಟೆಲುಗಳು ಅಡಗಿರುತ್ತವೆ. ಒಂದೊಂದು ಬೀದಿಯೂ ಬಿಡಿಬಿಡಿಯಾಗಿ ಕಾಣುವಷ್ಟು ಹತ್ತಿರ ತಂದು, ಆಮೇಲೆ 'ಈ ಪ್ರದೇಶದಲ್ಲಿ ಹುಡುಕಿ' ಒತ್ತಿ. ಅದೇ ಊರಿನಲ್ಲಿ ಅಲ್ಲಿಯವರೆಗೆ ಕಾಣದಿದ್ದ ಹತ್ತಾರು ಹೆಸರು ಮೇಲೇಳುತ್ತವೆ.

ನಕ್ಷೆಯನ್ನು ಎಲ್ಲಿಗೆ ಸರಿಸಬೇಕು ಎಂಬುದೇ ಮುಖ್ಯ. ಪ್ರವಾಸಿಗರು ಸೇರುವ ಚೌಕ, ರೈಲು ನಿಲ್ದಾಣದ ಮುಂಬಾಗಿಲು, ನದಿಯೋ ಕಡಲೋ ಕಾಣುವ ಸಾಲು, ಇವುಗಳಿಂದ ಮೂರು ನಾಲ್ಕು ಬೀದಿ ಒಳಗೆ ಹೋಗಿ. ಅಲ್ಲಿ ದೊಡ್ಡ ಆಸ್ಪತ್ರೆ, ನ್ಯಾಯಾಲಯ, ವಿಶ್ವವಿದ್ಯಾಲಯ, ಬಸ್ ಡಿಪೋ, ಸಗಟು ಮಾರುಕಟ್ಟೆ ಎಲ್ಲಿದೆ ನೋಡಿ. ಅವುಗಳ ಹಿಂಬದಿಯ ಬೀದಿಯೇ ನಿಮಗೆ ಬೇಕಾದ್ದು. ಕಾರಣ ಸರಳ. ಅಲ್ಲಿಗೆ ಬರುವವರು ನಾಳೆಯೂ ಅದೇ ಹೊತ್ತಿಗೆ ಬರುತ್ತಾರೆ, ಸಂಬಳದ ಲೆಕ್ಕದಲ್ಲಿ ಉಣ್ಣುತ್ತಾರೆ, ಮೋಸ ಅನ್ನಿಸಿದರೆ ಪಕ್ಕದ ಬಾಗಿಲಿಗೆ ಹೋಗುತ್ತಾರೆ. ಪ್ರವಾಸಿ ಒಮ್ಮೆ ಬಂದು ಹೋಗುವವ. ಅವನ ಸಿಟ್ಟಿನಿಂದ ಹೋಟೆಲಿನ ಗಲ್ಲಾಕ್ಕೆ ನಷ್ಟವಿಲ್ಲ. ಬಾಡಿಗೆಯ ಮಾತೂ ಇದೆ. ತಟ್ಟೆಯ ಬೆಲೆಯಲ್ಲಿ ದಿನಸಿಗೆ ಹೋಗುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು. ಉಳಿದದ್ದು ಬಾಡಿಗೆ, ಸಂಬಳ, ಗ್ಯಾಸು, ಲಾಭ. ಮುಖ್ಯರಸ್ತೆಯ ಬಾಡಿಗೆ ಕಟ್ಟುವವರು ಅದನ್ನು ತಟ್ಟೆಯಿಂದಲೇ ತೆಗೆಯಬೇಕು.

ಈಗ ಸ್ಟಾರಿನ ಲೆಕ್ಕ. ಒಂದು ಹಳೆಯ ಹೋಟೆಲಿಗೆ 2,000 ರಿವ್ಯೂ, ಸರಾಸರಿ 4.5 ಎಂದಿಟ್ಟುಕೊಳ್ಳಿ. ಹೋಟೆಲು ಕೈ ಬದಲಾಯಿತು, ಅಡುಗೆಯವರು ಬಿಟ್ಟುಹೋದರು, ಆಮೇಲೆ ಬಂದ 100 ಜನ ಸರಾಸರಿ 3 ಕೊಟ್ಟರು. ಮೊದಲಿನದು 9,000, ಅದಕ್ಕೆ 300 ಕೂಡಿಸಿ 2,100ರಿಂದ ಭಾಗಿಸಿದರೆ 4.43. ಪರದೆಯ ಮೇಲೆ ಕಾಣುವುದು 4.4. ಇನ್ನೊಂದು ಕಡೆ ಹೊಸ ಹೋಟೆಲು, ಬರೀ 25 ರಿವ್ಯೂ. ಅದರಲ್ಲಿ 20 ಮಂದಿ ಮಾಲೀಕರ ನೆಂಟರು, ಸ್ನೇಹಿತರು, ಎಲ್ಲರದೂ 5. ನಿಜವಾದ ಗಿರಾಕಿಗಳು ಐವರು, ಅವರು ಕೊಟ್ಟದ್ದು ತಲಾ 2. ಸರಾಸರಿ ಇಲ್ಲೂ 4.4. ಒಂದು ಅಡುಗೆಮನೆ ಹಾಳಾಗಿದೆ, ಇನ್ನೊಂದು ಹುಟ್ಟಿದಾಗಿನಿಂದಲೇ ಸರಿಯಿಲ್ಲ, ಅಂಕಿ ಮಾತ್ರ ಒಂದೇ.

ಆದ್ದರಿಂದ ರಿವ್ಯೂ ತೆರೆದ ಕೂಡಲೇ 'ಹೊಸದು ಮೊದಲು' ಎಂದು ಬದಲಿಸಿ, ಕಳೆದ ಮೂರು ತಿಂಗಳದ್ದನ್ನಷ್ಟೇ ಓದಿ. ಅದರಲ್ಲೂ ಮೂರು ಸ್ಟಾರ್ ಕೊಟ್ಟವರದ್ದು ಮೊದಲು. ಐದು ಕೊಟ್ಟವರು ಹೊಗಳಿ ಮುಗಿಸುತ್ತಾರೆ, ಒಂದು ಕೊಟ್ಟವರು ಜಗಳ ಬರೆಯುತ್ತಾರೆ. ಮೂರು ಕೊಟ್ಟವರು ಯಾವುದು ಚೆನ್ನಾಗಿತ್ತು, ಯಾವುದು ತಣ್ಣಗಿತ್ತು ಎಂದು ಬಿಡಿಸಿ ಹೇಳುತ್ತಾರೆ. ರಿವ್ಯೂಗಳ ಒಳಗೇ ಪದ ಹುಡುಕುವ ಸೌಲಭ್ಯವಿದೆ, ಇದನ್ನು ಬಳಸುವವರು ಕಡಿಮೆ. 'ಬಿಲ್', 'ಪ್ರಮಾಣ', 'ಸರ್ವಿಸ್ ಚಾರ್ಜ್' ಎಂಬುದಕ್ಕೆ ಆ ಊರಿನ ಭಾಷೆಯಲ್ಲಿ ಏನೆನ್ನುತ್ತಾರೋ ಅದನ್ನು ಹಾಕಿ ನೋಡಿ. ಬೆಲೆಯ ಬಗ್ಗೆ ನಿಜವಾದ ಮಾತು ಸ್ಥಳೀಯರ ರಿವ್ಯೂಗಳಲ್ಲೇ ಹೆಚ್ಚು ಸಿಗುತ್ತದೆ, ಅನುವಾದದ ಗುಂಡಿ ಅಲ್ಲೇ ಕೆಳಗಿದೆ. ಒಂದೇ ವಾರದಲ್ಲಿ ಇಪ್ಪತ್ತು ಐದು-ಸ್ಟಾರ್‌ಗಳು, ಎಲ್ಲದರಲ್ಲೂ ಊಟ ಬಡಿಸಿದವರ ಹೆಸರು ಹೇಳಿ ಹೊಗಳಿಕೆ ಕಂಡರೆ ಸಿಬ್ಬಂದಿ ಟೇಬಲ್ಲಿಗೆ ಬಂದು ಬರೆಸಿರುವ ಸಾಧ್ಯತೆ ಹೆಚ್ಚು. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಷ್ಟು ಅನುಮಾನ ಏಕೆಂದರೆ ಇದರಲ್ಲಿ ದುಡ್ಡಿದೆ. ಹಾರ್ವರ್ಡ್‌ನ ಮೈಕಲ್ ಲೂಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೆಲ್ಪ್ ಎಂಬ ಅಮೆರಿಕದ ರಿವ್ಯೂ ತಾಣದಲ್ಲಿ ಒಂದು ಸ್ಟಾರ್ ಹೆಚ್ಚಿದರೆ ರೆಸ್ಟೋರೆಂಟಿನ ಆದಾಯ 5ರಿಂದ 9 ಶೇಕಡಾ ಏರುತ್ತದೆ. ಆ ಏರಿಕೆ ಕಂಡದ್ದು ಸ್ವತಂತ್ರ ಹೋಟೆಲುಗಳಲ್ಲಿ, ಸರಣಿ ರೆಸ್ಟೋರೆಂಟುಗಳಲ್ಲಲ್ಲ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಸುಳ್ಳು ರಿವ್ಯೂಗಳನ್ನು ಕೊಳ್ಳುವುದು, ಮಾರುವುದು ನಿಷಿದ್ಧ ಎಂಬ ನಿಯಮವನ್ನು 2024ರಲ್ಲಿ ತಂದಿತು. ಜಗತ್ತಿನ ಎಲ್ಲ ಊರಿಗೂ ಅದು ಅನ್ವಯಿಸುವುದಿಲ್ಲ.

ಮ್ಯಾಪ್ಸ್‌ನಲ್ಲಿ ಸ್ಟಾರಿಗಿಂತ ಹೆಚ್ಚು ನಂಬಬಹುದಾದ್ದು ಎರಡು: ಗಿರಾಕಿಗಳು ಹಾಕಿದ ಫೋಟೋ ಮತ್ತು ಯಾವ ಹೊತ್ತಿಗೆ ಎಷ್ಟು ಜನ ಇರುತ್ತಾರೆಂದು ತೋರಿಸುವ ಜನಸಂದಣಿಯ ಗ್ರಾಫು. ಫೋಟೋದಲ್ಲಿ ಮೊದಲು ಮೆನು ಕಾರ್ಡು ಹುಡುಕಿ, ಅದು ಯಾವ ತಿಂಗಳದ್ದೆಂದು ನೋಡಿ. ಎರಡು ವರ್ಷ ಹಿಂದಿನ ಮೆನು ಸಿಕ್ಕರೆ ಈಗಿನದರ ಜತೆ ಇಟ್ಟು ನೋಡಿ. ಬೆಲೆ ಏರುವುದು ಸಹಜ. ಬೆಲೆಯೂ ಏರಿ ಪ್ರಮಾಣವೂ ಕಡಿಮೆಯಾಗಿದ್ದರೆ ಆ ಹೋಟೆಲಿನ ಒಳ್ಳೆಯ ದಿನ ಮುಗಿದಿವೆ. ಪ್ರಮಾಣ ಅಳೆಯಲು ತಟ್ಟೆಯನ್ನು ನೋಡಬೇಡಿ, ಪಕ್ಕದ ಚಮಚವನ್ನು ನೋಡಿ. ತಟ್ಟೆ ಯಾವ ಗಾತ್ರದ್ದಾದರೂ ಇರಬಹುದು, ಚಮಚ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಹೋಟೆಲಿನವರೇ ತೆಗೆಸಿದ ಮಿರುಗುವ ಫೋಟೋಗಳಿಂದ ಇದಾವುದೂ ತಿಳಿಯುವುದಿಲ್ಲ.

ಗ್ರಾಫು ಬರುವುದು ಜನರ ಫೋನುಗಳು ಕೊಡುವ ಸ್ಥಳದ ಮಾಹಿತಿಯನ್ನು ಒಟ್ಟುಗೂಡಿಸಿ. ಯಾರೂ ಕೂತು ಬರೆದದ್ದಲ್ಲ, ಆದ್ದರಿಂದ ಹೊಗಳಿಕೆಯಷ್ಟು ಸುಲಭವಾಗಿ ಬಗ್ಗುವುದಿಲ್ಲ. ವಾರದ ನಡುವಿನ ದಿನವೊಂದನ್ನು ಆರಿಸಿ ನೋಡಿ. ಮಧ್ಯಾಹ್ನ ಒಂದು ದಿಬ್ಬ, ರಾತ್ರಿ ಒಂದು ದಿಬ್ಬ ಇದ್ದರೆ ಅಡುಗೆ ದಿನಕ್ಕೆ ಎರಡು ಸಲ ಖಾಲಿಯಾಗುತ್ತಿದೆ ಎಂದರ್ಥ. ಶನಿವಾರ, ಭಾನುವಾರದ ರಾತ್ರಿ ಮಾತ್ರ ಏರಿ ಉಳಿದಂತೆ ನೆಲಕ್ಕೆ ಅಂಟಿದ್ದರೆ ಜನ ಅಲ್ಲಿಗೆ ಬೆಳಕು, ಸಂಗೀತಕ್ಕಾಗಿ ಹೋಗುತ್ತಾರೆ. ಮಂಗಳವಾರ ಮಧ್ಯಾಹ್ನ ಅಲ್ಲಿ ಸಿಗುವುದು ಫ್ರಿಜ್ಜಿನಲ್ಲಿ ಕಾದಿದ್ದ ಪದಾರ್ಥ. ದಿಬ್ಬದ ತುದಿಗಿಂತ ಅರ್ಧ ಗಂಟೆ ಮುಂಚೆ ಹೋಗುವುದು ಒಳ್ಳೆಯದು: ಆಗಷ್ಟೇ ಒಲೆಯಿಂದ ಇಳಿದಿರುತ್ತದೆ, ಕೂರಲು ಜಾಗವೂ ಇರುತ್ತದೆ. ತೀರಾ ತಡವಾದರೆ ತಳದಲ್ಲಿ ಉಳಿದದ್ದು ಬರುತ್ತದೆ. ಒಂದೇ ಕಟ್ಟಡದಲ್ಲಿ ಹತ್ತು ಅಂಗಡಿ ಇರುವ ಕಡೆ ಮಾತ್ರ ಈ ಗ್ರಾಫನ್ನು ಪೂರ್ತಿ ನಂಬಬೇಡಿ.

ಟ್ರಿಪ್ ಅಡ್ವೈಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಬರೆಯುವವರಲ್ಲಿ ಪ್ರವಾಸಿಗರೇ ಹೆಚ್ಚು, ಆದ್ದರಿಂದ ಮೇಲೆ ಬರುವುದೂ ಪ್ರವಾಸಿ ಬೀದಿಯ ಹೋಟೆಲುಗಳೇ. 2017ರಲ್ಲಿ ಲಂಡನ್ನಿನ ಪತ್ರಕರ್ತರೊಬ್ಬರು ತಮ್ಮ ಹಿತ್ತಲಿನ ಶೆಡ್ಡನ್ನು ರೆಸ್ಟೋರೆಂಟ್ ಎಂದು ನೋಂದಾಯಿಸಿ, ಸುಳ್ಳು ರಿವ್ಯೂಗಳಿಂದಲೇ ಅದನ್ನು ಆ ಊರಿನ ಒಂದನೇ ಸ್ಥಾನಕ್ಕೆ ಏರಿಸಿ ತೋರಿಸಿದರು. 'ಊರಿಗೇ ಮೊದಲ ಸ್ಥಾನ' ಎಂಬ ಫಲಕ ನೋಡಿ ಒಳಗೆ ಹೋಗುವ ಮುಂಚೆ ಇದು ನೆನಪಿರಲಿ. ಸಸ್ಯಾಹಾರಿಗಳಿಗೆ ಹ್ಯಾಪಿಕೌ ನಿಜಕ್ಕೂ ಒಳ್ಳೆಯದು. 1999ರಿಂದ ಇದೆ, ಪೂರ್ತಿ ವೀಗನ್ (ಹಾಲು, ಮೊಟ್ಟೆಯೂ ಇಲ್ಲದ್ದು), ಪೂರ್ತಿ ಸಸ್ಯಾಹಾರ, ಕೇಳಿದರೆ ಸಿಗುತ್ತದೆ ಎಂದು ಮೂರು ಬಗೆಯಾಗಿ ಬಿಡಿಸಿ ತೋರಿಸುತ್ತದೆ. ಬೆಲೆಯ ವಿವರ ಮಾತ್ರ ತೆಳು.

ತಜ್ಞರ ಮಾತು ಬೇಕೆಂದರೆ, ಪರೀಕ್ಷಕರನ್ನು ಕಳಿಸಿ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್. ಹೆಸರು ಕೇಳಿ ಜೇಬು ಮುಟ್ಟಿಕೊಳ್ಳಬೇಡಿ. ನಿಮಗೆ ಬೇಕಾದ್ದು ಅದರ ಸ್ಟಾರ್ ಪಟ್ಟಿಯಲ್ಲ, 'ಬಿಬ್ ಗೂರ್ಮಾಂ' ಪಟ್ಟಿ. ಒಳ್ಳೆಯ ಅಡುಗೆಯನ್ನು ಮಿತವಾದ ಬೆಲೆಗೆ ಕೊಡುವವರಿಗೆಂದೇ 1997ರಲ್ಲಿ ಶುರುವಾದ ಗುರುತು ಇದು. 'ಮಿತವಾದ ಬೆಲೆ' ಎಂದರೆ ಎಷ್ಟು ಎಂಬುದು ಆಯಾ ಪ್ರದೇಶದ ಖರ್ಚುವೆಚ್ಚಕ್ಕೆ ತಕ್ಕಂತೆ ಬದಲಾಗುತ್ತದೆ. ಪರೀಕ್ಷಕರು ಹೆಸರು ಹೇಳದೆ ಬಂದು, ಬಿಲ್ಲು ಕೊಟ್ಟು ಉಣ್ಣುತ್ತಾರೆ. ವೆಬ್‌ಸೈಟು, ಆ್ಯಪ್ ಎರಡೂ ಉಚಿತ, ಫಿಲ್ಟರಿನಲ್ಲಿ ಬಿಬ್ ಒಂದನ್ನೇ ಆರಿಸಬಹುದು. ಕೊರತೆ ಎರಡು. ಎಷ್ಟೋ ದೇಶಗಳಿಗೆ ಈ ಗೈಡ್ ಇನ್ನೂ ಕಾಲಿಟ್ಟಿಲ್ಲ, ಕೆಲವೆಡೆ ಪ್ರವಾಸೋದ್ಯಮ ಇಲಾಖೆಗಳು ಹಣ ಒದಗಿಸಿ ಕರೆಸಿಕೊಂಡಿವೆ. ಎರಡನೆಯದು, ಪಟ್ಟಿಗೆ ಸೇರಿದ ಮೇಲೆ ಸಾಲು ಉದ್ದವಾಗುತ್ತದೆ. ವಾರದ ನಡುವಿನ ದಿನ, ಬಾಗಿಲು ತೆರೆಯುವ ಹೊತ್ತಿಗೆ ಹೋಗುವುದೊಂದೇ ದಾರಿ.

ಎಲ್ಲಕ್ಕಿಂತ ಅಗ್ಗದ್ದು ಟೂ ಗುಡ್ ಟು ಗೋ. ಡೆನ್ಮಾರ್ಕಿನಲ್ಲಿ ಹುಟ್ಟಿದ ಈ ಆ್ಯಪ್ ಯೂರೋಪಿನ ಹಲವು ದೇಶಗಳಲ್ಲಿ, ಅಮೆರಿಕ, ಕೆನಡಾದಲ್ಲಿ ನಡೆಯುತ್ತಿದೆ. ದಿನದ ಕೊನೆಗೆ ಬೇಕರಿ, ಹೋಟೆಲುಗಳಲ್ಲಿ ಉಳಿಯುವುದನ್ನು ಚೀಲ ಕಟ್ಟಿ, ಸಾಮಾನ್ಯವಾಗಿ ಮೂಲ ಬೆಲೆಯ ಮೂರನೇ ಒಂದು ಭಾಗಕ್ಕೆ ಕೊಡುತ್ತಾರೆ. ಆ್ಯಪ್‌ನಲ್ಲೇ ದುಡ್ಡು ಕಟ್ಟಬೇಕು, ಹೇಳಿದ ಹೊತ್ತಿನೊಳಗೆ ಹೋಗಿ ತರಬೇಕು. ಚೀಲದಲ್ಲಿ ಏನಿದೆ ಎಂಬುದು ಬಿಚ್ಚಿದಾಗಲೇ ಗೊತ್ತಾಗುವುದು. ಅಲರ್ಜಿ ಇರುವವರಿಗೂ ಮೊಟ್ಟೆ, ಮಾಂಸ ಮುಟ್ಟದವರಿಗೂ ಅಂಗಡಿಯ ವಿವರ ಓದದೆ ಇದು ಬೇಡ. ಬೇಕರಿಯ ಚೀಲ ಆರಿಸುವುದು ಜಾಣತನ, ಮರುದಿನದ ತಿಂಡಿಗೂ ಆದೀತು. ಬೇಯಿಸಿದ ಊಟವಾದರೆ ಅದೇ ರಾತ್ರಿ ಬಿಸಿ ಮಾಡಿ ಮುಗಿಸಿ.

ಕುಡಿಯುವುದರ ಖರ್ಚು ಗೊತ್ತಾಗದಂತೆ ಏರುತ್ತದೆ, ಅದರಲ್ಲೂ ನೀರಿನ ಬಾಟಲಿಯದು. ಜನರೇ ಸೇರಿ ಮಾಡುವ ಉಚಿತ ನಕ್ಷೆ ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿ ಸಾರ್ವಜನಿಕ ಕುಡಿಯುವ ನೀರಿನ ನಲ್ಲಿಗಳಿಗೆ ಬೇರೆಯೇ ಗುರುತಿದೆ. ಅದನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್‌ನಲ್ಲಿ ಊರಿನ ನಕ್ಷೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಲ್ಲಿ ಹುಡುಕಬಹುದು. ಬಿಯರ್ ಕುಡಿಯುವವರು ಗ್ಲಾಸಿನ ಬೆಲೆ ನೋಡುವ ಬದಲು ಮಿ.ಲೀ. ಲೆಕ್ಕ ಹಾಕಿ: 500 ಮಿ.ಲೀ. ಗ್ಲಾಸಿನ ಬೆಲೆ 330ರದ್ದರ ಒಂದೂವರೆ ಪಟ್ಟಿಗಿಂತ ಕಡಿಮೆ ಇದ್ದರೆ ದೊಡ್ಡದೇ ಲಾಭ. ನಲ್ಲಿಯಿಂದ ಹಿಡಿದು ಕೊಡುವ ಡ್ರಾಫ್ಟ್ ಬಿಯರನ್ನು ಗಿರಾಕಿ ಕಡಿಮೆ ಇರುವ ಬಾರಿನಲ್ಲಿ ಕುಡಿಯಬೇಡಿ. ಆ ಕೊಳವೆಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ತೊಳೆಯದಿದ್ದರೆ ಹುಳಿಯೋ ಬೆಣ್ಣೆಯ ವಾಸನೆಯೋ ಬರುತ್ತದೆ. ಅಂಥ ಕಡೆ ಬಾಟಲಿಯೇ ವಾಸಿ. 'ಹ್ಯಾಪಿ ಅವರ್' (ನಿಗದಿತ ಹೊತ್ತಿನ ರಿಯಾಯಿತಿ) ಬೆಲೆ ಆರ್ಡರ್ ಕೊಟ್ಟ ಹೊತ್ತಿನದೋ ಬಿಲ್ಲು ಹಾಕುವ ಹೊತ್ತಿನದೋ ಎಂದು ಕೂರುವ ಮುಂಚೆಯೇ ಕೇಳಿಬಿಡಿ.

ಇಷ್ಟೆಲ್ಲ ಆದ ಮೇಲೂ ಬಾಗಿಲಲ್ಲಿ ಎರಡು ನಿಮಿಷ ನಿಲ್ಲಬೇಕು, ಅದನ್ನು ಯಾವ ಆ್ಯಪ್ ಕೂಡ ನಿಮ್ಮ ಬದಲು ಮಾಡುವುದಿಲ್ಲ. ಎದ್ದುಹೋದವರ ತಟ್ಟೆಗಳತ್ತ ನೋಡಿ: ಮೂರು ನಾಲ್ಕು ಟೇಬಲ್ಲುಗಳಲ್ಲಿ ಒಂದೇ ಪದಾರ್ಥ ಅರ್ಧ ಉಳಿದಿದ್ದರೆ ಅದನ್ನು ಹೇಳಬೇಡಿ, ಬಳಿದು ಉಂಡದ್ದನ್ನೇ ಹೇಳಿ. ಮೆನು ಒಂದು ಹಾಳೆಗೆ ಮುಗಿದರೆ ಒಳ್ಳೆಯ ಲಕ್ಷಣ. ಹನ್ನೆರಡು ಪುಟ ಇದ್ದರೆ ಅಷ್ಟನ್ನೂ ದಿನವೂ ತಾಜಾ ಮಾಡಲು ಯಾವ ಅಡುಗೆಮನೆಗೂ ಆಗುವುದಿಲ್ಲ. ಬಫೆ ಇದ್ದರೆ ಪಾತ್ರೆಯಿಂದ ಹಬೆ ಏಳುತ್ತಿರಬೇಕು: ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು, ಹಾಗೇ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ತೆರಿಗೆ, ಸರ್ವಿಸ್ ಚಾರ್ಜ್ ಬೆಲೆಯಲ್ಲಿ ಸೇರಿದೆಯೇ ಎಂದು ಮೆನುವಿನ ಕೊನೆಯ ಸಾಲು ಓದಿ. ದುಬಾರಿ ಹೋಟೆಲೊಂದರ ಅಡುಗೆ ತಿನ್ನಲೇಬೇಕೆಂಬ ಆಸೆಯಿದ್ದರೆ ವಾರದ ದಿನ ಮಧ್ಯಾಹ್ನದ ಸೆಟ್ ಊಟ ಇದೆಯೇ ವಿಚಾರಿಸಿ. ಬಾಡಿಗೆ, ಸಂಬಳ ಹೇಗೂ ಹೋಗುತ್ತಿರುತ್ತದಾದ್ದರಿಂದ ಖಾಲಿ ಕುರ್ಚಿ ತುಂಬಲೆಂದು ಅದೇ ಅಡುಗೆಯವರ ಕೈರುಚಿಯನ್ನು ರಾತ್ರಿಗಿಂತ ಬಹಳ ಕಡಿಮೆಗೆ ಕೊಡುವ ಹೋಟೆಲುಗಳು ಎಷ್ಟೋ ದೊಡ್ಡ ಊರುಗಳಲ್ಲಿ ಇವೆ.

ಒಳ್ಳೆಯ ಜಾಗ ಸಿಕ್ಕಿದಾಗ ಮ್ಯಾಪ್ಸ್‌ನಲ್ಲಿ ಉಳಿಸಿ, ಪಕ್ಕದ ಟಿಪ್ಪಣಿಯಲ್ಲಿ ಏನು ತಿಂದಿರಿ, ಎಷ್ಟಾಯಿತು, ಯಾವ ತಿಂಗಳು ಎಂದು ಮೂರೇ ಪದ ಬರೆದಿಡಿ. ರಿವ್ಯೂ ಹಾಕುವುದಾದರೆ ಊಟದ ಫೋಟೋ ಜತೆಗೆ ಮೆನುವಿನದ್ದೂ ಹಾಕಿ, ಬೆಲೆಯ ಅಂಕಿಗಳು ಸ್ಪಷ್ಟ ಕಾಣುವಂತೆ.