ಜ್ಞಾನಸ್ನಾನದ ಮೇಣದಬತ್ತಿ: ಬತ್ತಿ ಚೆನ್ನಾಗಿದೆ, ಸ್ಟಿಕರ್ ಬೇಡ
ತಂಗಿ ಮಗುವಿನ ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಮ್) ಬೆಂಗಳೂರಿನ ಶಿವಾಜಿನಗರದ ಬೆಸಿಲಿಕಾ ಚರ್ಚ್ ಹತ್ತಿರದ ಒಂದು ಅಂಗಡಿಯಲ್ಲಿ ಮೇಣದಬತ್ತಿ ತಗೊಂಡೆ. ಹೊಗೆ ಕಡಿಮೆ, ಬತ್ತಿ ದಪ್ಪ. ಅದೇ ಮುಖ್ಯ, ಯಾಕಂದ್ರೆ ಇದನ್ನು ಕಡ್ಡಿ ಗೀರಿ ಹಚ್ಚುವುದಿಲ್ಲ, ಈಸ್ಟರ್ ಹಿಂದಿನ ರಾತ್ರಿ ಹೊಸ ಬೆಂಕಿಯಿಂದ ಮೊದಲು ಹೊತ್ತಿಸಿದ ಚರ್ಚಿನ ಆ ದೊಡ್ಡ ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದಲೇ ಮಗುವಿನ ಅಪ್ಪನೋ ಮನೆಯವರೊಬ್ಬರೋ ಹಚ್ಚಿಕೊಳ್ಳುತ್ತಾರೆ. ಕ್ರಿಸ್ತನ ಬೆಳಕನ್ನು ಆರದಂತೆ ಕಾಪಾಡಿ ಅಂತ ಗುರುಗಳು ಅಪ್ಪ ಅಮ್ಮನಿಗೆ ಒಪ್ಪಿಸುವುದು ಆಗಲೇ. ಆ ಮಾತಿನ ಮಧ್ಯೆ ಫ್ಯಾನ್ ಗಾಳಿಗೆ ಆರಿಹೋದರೆ ಮನಸ್ಸಿಗೆ ಬೇಜಾರು ಅಲ್ವಾ? ನಮ್ಮದು ಕೊನೆವರೆಗೂ ಉರಿಯಿತು. ಆದರೆ ಅದರ ಮೇಲಿನ ಶಿಲುಬೆ ಬರೀ ಸ್ಟಿಕರ್, ಬಿಸಿಗೆ ಅಂಚು ಮುದುಡಿ ಕಪ್ಪಾಯಿತು. ಬಣ್ಣದ ಮೇಣದಲ್ಲಿ ಮಾಡಿದ್ದು ಕೇಳಿ ತಗೊಳ್ಳಿ, ಜೊತೆಗೆ ಕೈಗೆ ಮೇಣ ಬೀಳದಂತೆ ಕಾಗದದ ತಟ್ಟೆಯನ್ನೂ. ಪ್ರತಿ ವರ್ಷ ಅದೇ ದಿನ ಮಗುವಿನ ಮುಂದೆ ಹಚ್ಚುವ ಆಸೆಯಿದ್ದರೆ ದೊಡ್ಡ ಸೈಜೇ ಒಳ್ಳೆಯದು.